ಕೈ ತೊಳೆಯುವ ನೆಪ

ಸವದತ್ತಿಯ ನನ್ನ ದವಾಖಾನೆಯಲ್ಲಿ ರೋಗಿಗಳ ಎದುರು ನಾನು ಪುಸ್ತಕ ತೆರೆಯುತ್ತಿರಲಿಲ್ಲ. ಶುರುವಿನಲ್ಲಿ ಒಮ್ಮೆ ತೆರೆದಿದ್ದೆ. ಬೆಂಚಿನ ಮೇಲಿದ್ದ ಹಿರಿಯರೊಬ್ಬರು, 'ಡಾಕ್ಟರ್ ಇನ್ನೂ ಕಲಿಯಾಕ ಹತ್ಯಾರ, ನಡೀರಿ' ಎಂದು ಪಕ್ಕದವರನ್ನೂ ಎಬ್ಬಿಸಿಕೊಂಡು ಹೋದರು. ಫೋನು ನೋಡಿದರಂತೂ ಕೇಳುವುದೇ ಬೇಡ. ಹಾಗಾಗಿ ಔಷಧಿಗಳ ದಪ್ಪ ಪುಸ್ತಕವನ್ನು ಒಳಕೋಣೆಯ ಬಚ್ಚಲ ಪಕ್ಕದ ಕಪಾಟಿನಲ್ಲಿಟ್ಟೆ. ಅನುಮಾನ ಬಂದಾಗಲೆಲ್ಲ ಕೈ ತೊಳೆದು ಬರುತ್ತೇನೆಂದು ಎದ್ದು ಹೋಗಿ, ನಲ್ಲಿ ಬಿಟ್ಟು, ಪುಟ ತಿರುವಿ ಬರುತ್ತಿದ್ದೆ. ಈ ಡಾಕ್ಟರು ಬಹಳ ಸ್ವಚ್ಛ ಎಂದು ಊರಲ್ಲಿ ಹೆಸರಾಯಿತು. ಆ ಹೆಸರನ್ನು ನಾಚಿಕೆಯಿಲ್ಲದೆ ಇಟ್ಟುಕೊಂಡೆ.

ಕಳೆದ ಬೇಸಿಗೆಯಲ್ಲಿ ಒಂದು ಸಂತೆಯ ದಿನ ನಲ್ಲಿಗೆ ನೀರು ಬಂದಿರಲಿಲ್ಲ. ಕಂಪೌಂಡರ್ ಬೆಳಿಗ್ಗೆಯೇ ಅದನ್ನು ಎಲ್ಲರಿಗೂ ಕೇಳುವಂತೆ ಸಾರಿದ್ದ. ಕುಪ್ಪಸ ಹೊಲಿಯುವ ಹೆಂಗಸೊಬ್ಬರು, ನನಗೆ ಬಹಳ ವರ್ಷದ ಪರಿಚಯದವರು, ಮೂತ್ರ ಉರಿಯುತ್ತದೆ ಎಂದು ಬಂದರು. ಕೀಲುನೋವಿಗೆ ಬೆಳಗಾವಿಯ ಡಾಕ್ಟರು ಕೊಟ್ಟ ಹಳದಿ ಗುಳಿಗೆಯನ್ನು ಶುಕ್ರವಾರಕ್ಕೊಮ್ಮೆ, ನಮಾಜು ಮುಗಿಸಿ ನುಂಗುತ್ತೇನೆ ಎಂದೂ ಹೇಳಿದರು. ಅದು ಮೆಥೊಟ್ರೆಕ್ಸೇಟ್ ಎಂದು ನನಗೆ ಗೊತ್ತಾಯಿತು. ಮೂತ್ರದ ಉರಿಗೆ ನಾನು ಬರೆಯಲಿದ್ದ ಸಲ್ಫಾ ಗುಳಿಗೆಯ ಜೊತೆ ಅದು ಕೂಡಬಾರದು ಎಂದು ಎಲ್ಲೋ ಓದಿದ ನೆನಪು. ಪೆನ್ನು ನಿಂತಿತು. ಬೆಂಚು ತುಂಬಿತ್ತು. ನೀರಿಲ್ಲದ ನಲ್ಲಿಗೆ ಕೈ ತೊಳೆಯಲು ಎದ್ದು ಹೋಗುವುದು ಹೇಗೆ? ಐದೇ ದಿನದ ಗುಳಿಗೆ, ಏನಾದೀತು ಅಂದುಕೊಂಡು ಬರೆದುಕೊಟ್ಟೆ.

ಎಂಟನೆಯ ದಿನ ಆ ಹೆಂಗಸನ್ನು ಅವರ ಮಗಳು ಆಟೋದಲ್ಲಿ ಕರೆತಂದಳು. ಬಾಯಿ ತುಂಬ ಹುಣ್ಣು, ಸುಡುವ ಜ್ವರ, ತೋಳಿನ ಮೇಲೆ ನೀಲಿ ಕಲೆಗಳು. ಅವತ್ತು ಎಲ್ಲರೆದುರೇ ಪುಸ್ತಕ ತಂದು ಮೇಜಿನ ಮೇಲೆ ತೆರೆದೆ. ಎರಡೂ ಕೂಡಿದರೆ ಮೈಯಲ್ಲಿ ರಕ್ತ ಹುಟ್ಟುವುದೇ ನಿಲ್ಲಬಹುದು, ಒಟ್ಟಿಗೆ ಕೊಡಕೂಡದು ಎಂದು ದಪ್ಪಕ್ಷರದಲ್ಲಿತ್ತು. ಓದಲು ಒಂದು ನಿಮಿಷವೂ ಹಿಡಿಯಲಿಲ್ಲ. ಹಳದಿ ಗುಳಿಗೆ ನಿಲ್ಲಿಸಿ, ನಾನು ಏನು ಕೊಟ್ಟಿದ್ದೆನೆಂದು ಚೀಟಿಯಲ್ಲಿ ಬರೆದು, ಬೆಳಗಾವಿಗೆ ಕಳಿಸಿದೆ. ಚೀಟಿಯಲ್ಲಿ ನಿಜ ಬರೆದೆ; ಮಗಳಿಗೆ ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಅವರು ಆಸ್ಪತ್ರೆಯಲ್ಲಿದ್ದ ಮೂರು ವಾರ ದಿನಾ ಅವಳಿಗೆ ಫೋನು ಮಾಡುತ್ತಿದ್ದೆ. ಇಷ್ಟು ಕಾಳಜಿ ಮಾಡುವ ಡಾಕ್ಟರು ಎಲ್ಲಿ ಸಿಗುತ್ತಾರೆ ಎಂದು ಅವಳು ಅಂದಾಗ ರೋಗಿಗಳು ಕಾಯುತ್ತಿದ್ದಾರೆಂದು ಹೇಳಿ ಫೋನು ಇಟ್ಟುಬಿಟ್ಟೆ.

ದೇವರು ದೊಡ್ಡವನು, ಅವರು ಬದುಕಿ ಬಂದರು. ತಲೆಗೂದಲು ಅರ್ಧ ಉದುರಿತ್ತು. ಲಗೂನೆ ಕಳಿಸಿ ಜೀವ ಉಳಿಸಿದಿರಿ, ನಿಮ್ಮ ಮಕ್ಕಳಿಗಾಗಿ ದುವಾ ಮಾಡಿದ್ದೇನೆ ಎಂದಾಗ ನನಗೆ ತಡೆಯಲಾಗಲಿಲ್ಲ.

'ಅಕ್ಕಾರ, ನಿಮಗ ಹಿಂಗಾಗಿದ್ದು ನಾ ಕೊಟ್ಟ ಗುಳಿಗಿಯಿಂದ. ಅನುಮಾನ ಬಂದಿತ್ತು. ಆದ್ರೂ ಪುಸ್ತಕ ನೋಡಲಿಲ್ಲ,' ಎಂದೆ.

ಬೈಯುತ್ತಾರೆಂದು ಕಾದೆ. ಬೈದರೆ ಮನಸ್ಸು ಹಗುರಾದೀತು ಎಂಬ ಆಸೆಯೂ ಇತ್ತು. ಅವರು ಬೈಯಲಿಲ್ಲ. ಹಳದಿ ಗುಳಿಗೆಯ ಜೊತೆ ಯಾವ ಯಾವ ಔಷಧಿ ಕೂಡಬಾರದೆಂದು ಬೆಳಗಾವಿಯ ಡಾಕ್ಟರು ಮೊದಲೇ ಒಂದು ಕಾಗದದಲ್ಲಿ ಬರೆದುಕೊಟ್ಟಿದ್ದರಂತೆ.

'ಅವತ್ತ ಆ ಕಾಗದ ನನ್ನ ಚೀಲದಾಗ ಇತ್ರಿ, ಸಾಹೇಬ್ರ,' ಎಂದರು. 'ತೆಗೀಬೇಕಂತ ಕೈ ಹಾಕಿದ್ದೆ. ಇಷ್ಟ ಮಂದಿ ಮುಂದ ತೋರಿಸಿದ್ರ ಡಾಕ್ಟ್ರಿಗೆ ಗೊತ್ತಿಲ್ಲ ಅಂದಂಗ ಆಗತೈತಿ, ನಿಮ್ಮ ಮರ್ಯಾದಿ ಹೋಗತೈತಿ ಅಂತ ಬಿಟ್ಟೆ.'