ಬಳೆ ತೊಡಿಸಲೊಲ್ಲೆ ಎಂದವಳು

ಬಳೆಗಾರ ಚಾಚಿಯ ಬಲಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಒಡೆದ ಗಾಜು ಹೊಕ್ಕು ಕೀವಾಗಿ ಎಂದೋ ಉದುರಿಹೋಗಿತ್ತು. ಆ ಬೋಳು ಬೆರಳಿನಿಂದ ಹೆಂಗಸರ ಅಂಗೈ ಒತ್ತಿ, ಎಲುಬನ್ನು ಹಿಟ್ಟಿನಂತೆ ಮಡಚಿ, ಬಳೆ ದಾಟಿಸಿಬಿಡುತ್ತಿದ್ದಳು. ಕೈ ಮೆತ್ತಗೆ, ಬಾಯಿ ಬಿರುಸು. "ನೋವಾಗಾಕತ್ತೇತಿ ಚಾಚಿ" ಎಂದರೆ, "ಇದಕ್ಕ ಅಳತಿಯಲ್ಲ, ಹಡೀಬೇಕಾದ್ರ ಏನ್ ಮಾಡ್ತಿ? ಓಡಿಹೋಗ್ತಿಯೇನು?" ಎನ್ನುವಳು.

ಹುಬ್ಬಳ್ಳಿಯಿಂದ ನಮ್ಮ ಬೈರಿದೇವರಕೊಪ್ಪಕ್ಕೆ ವಾರಕ್ಕೊಮ್ಮೆ ನಡೆದು ಬರುತ್ತಿದ್ದಳು. ಬಸುರಿಯರ ಕೈಯನ್ನು ಮಾತ್ರ ಬಳೆ ಕೊಳ್ಳಲಿ ಬಿಡಲಿ ಹಿಡಿದು ನೋಡುವಳು. ಆರು ತಿಂಗಳು ತುಂಬಿದವರಿಗೆ ಅವಳ ಉಪದೇಶ ಬೇರೆ. "ಮೀನಖಂಡ ಹಿಡೀತಾವ, ನಡಾ ನೋಯ್ತೈತಿ, ಉಂಡಿದ್ದು ಎದಿಗೆ ಬರ್ತೈತಿ. ಹೆದರಬ್ಯಾಡ. ಈಗ ಒಳಗಿಂದಕ್ಕ ಕಿವಿ ಬಂದಾವ. ಅತ್ತಿ ಬೈದ್ಲಂದ್ರ ಅದು ಒದೀತೈತಿ ನೋಡು, ನಿನಗಿಲ್ಲದ ಧೈರ್ಯ ಅದಕ್ಕೈತಿ!" ಕೊನೆಗೆ ದನಿ ತಗ್ಗಿಸಿ, "ಸಂಜಿಮುಂದ ಕಾಲು ಬಾತ್ರ ಅದು ಬಸುರು. ಮುಂಜಾನೆ ಮಾರಿ ಬಾತ್ರ ಅದು ಬ್ಯಾನಿ" ಎನ್ನುತ್ತಿದ್ದಳು.

ನಾನು ಸಾಲಿ ಕಲಿತದ್ದು ಮೂರನೆಯ ಇಯತ್ತೆವರೆಗೆ. ಹತ್ತಿ ಜಿನ್ನಿನಲ್ಲಿ ಅಂಡಗಿ ಎನ್ನುವ ಮೂಟೆ ಹೊರುವವನಾಗಿ ಸೇರಿ, ಇಪ್ಪತ್ತೈದಕ್ಕೆ ಮಿಸ್ತ್ರಿಯಾದವನು. ಯಾರ ಮುಂದೆಯೂ ಕೈ ಚಾಚಿದವನಲ್ಲ, ಅದರ ಸೊಕ್ಕು ಮೈತುಂಬ ಇತ್ತು. ಮೊದಲ ಹೆಂಡತಿಗೆ ಆರು ತುಂಬಿ ಏಳರಲ್ಲಿ ಬಿದ್ದಾಗ ಊರು ಕಣ್ಣರಳಿಸುವಂಥ ಕುಬಸ, ಅದೇ ಸೀಮಂತ, ಮಾಡಬೇಕೆಂದು ಹಟ ತೊಟ್ಟೆ. ಶಿರಗುಪ್ಪಿಯಿಂದ ಬೀಗರು ಎರಡು ಚಕ್ಕಡಿ ಕಟ್ಟಿಕೊಂಡು ಬಂದರು. ಆಕೆಯನ್ನು ಮಣೆಯ ಮೇಲೆ ಕೂರಿಸಿ ಹಸಿರು ಬಳೆ ಇಡಿಸಬೇಕು. ಅವು ಹೆರಿಗೆಯವರೆಗೆ ಕೈಯಲ್ಲಿರಬೇಕು, ಒಂದೂ ಒಡೆಯಬಾರದು.

ಬಳೆ ಇಡಲು ಕರೆಸಿದ್ದ ಚಾಚಿ ಆಕೆಯ ಕೈ ಹಿಡಿದಳು. ಬೆರಳ ಮೇಲೆ ಒತ್ತಿದಳು. ಒತ್ತಿದಲ್ಲಿ ಕುಳಿ ಬಿದ್ದು ಹಾಗೆಯೇ ನಿಂತಿತು. "ತಲಿ ನೋಯ್ತೈತೇನವಾ? ಕಣ್ಣ ಮುಂದ ಮಿಂಚಿದಂಗ ಆಗ್ತೈತಿ?" ಆಕೆ ಅತ್ತೆಯ ಮುಖ ನೋಡಿ, ಆಮೇಲೆ ಹೌದೆಂದು ತಲೆಯಾಡಿಸಿದಳು. ಚಾಚಿ ಬಿಚ್ಚಿದ್ದ ಬಳೆಯ ಮಲಾರವನ್ನು ಮತ್ತೆ ಕಟ್ಟತೊಡಗಿದಳು.

"ಈ ಕೈಗೆ ನಾ ಬಳಿ ಇಡೂದಿಲ್ಲ. ಇವತ್ತ ದವಾಖಾನಿಗೆ ಒಯ್ರಿ."

ನಮ್ಮವ್ವ ನಕ್ಕಳು. "ಬಸುರಿ ಮೈ ತುಂಬ್ಯಾಳ. ಮಾರಿ ಉಬ್ಬಿದ್ರ ಗಂಡು ಕೂಸು, ಅಷ್ಟೂ ತಿಳೀದೇನ ನಿನಗ?"

ನಾನು ಮುಂದೆ ಬಂದೆ. "ನಿನ್ನ ಕೆಲಸ ಬಳಿ ಇಡೂದು. ನಾಡಿ ನೋಡೂದಲ್ಲ."

"ಹತ್ತಿ ಅಂಡಗಿಯೊಳಗ ಬೆಂಕಿ ಹೊಕ್ಕಿದ್ರ ಮ್ಯಾಲೆ ಕೈ ಇಟ್ಟು ಹೇಳ್ತಿಯಂತ ನೀನು. ಹೆಂಡ್ತಿ ಕೈ ಒಂದ ದಿನಾನೂ ಹಿಡದ ನೋಡಿಲ್ಲಲ್ಲೋ ತಮ್ಮಾ?"

ಬೀಗರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆ ನಗು ನನಗೆ ಚುಚ್ಚಿತು. ಚಾಚಿಗೆ ಮಕ್ಕಳಿಲ್ಲವೆಂಬುದು ಊರಿಗೆಲ್ಲ ಗೊತ್ತಿತ್ತು.

"ಹಡೀಲಾರದ ಬಂಜಿಗೆ ಬಸುರಿನ ಮಾತ್ಯಾಕ? ಹೊಟ್ಟಿಕಿಚ್ಚಿಗೆ ಹಿಂಗಂತಿ. ಎದ್ದ ನಡಿ."

ಚಾಚಿ ಮಲಾರ ಹೆಗಲಿಗೇರಿಸಿದಳು. ನನ್ನ ಹೆಂಡತಿಯ ತಲೆಯ ಮೇಲೊಮ್ಮೆ ಕೈಯಿಟ್ಟು ಹೋದಳು. ನಾನು ಸೈಕಲ್ ಹತ್ತಿ ಪೇಟೆಯಿಂದ ಬೇರೊಬ್ಬ ಬಳೆಗಾರನನ್ನು ಕರೆತಂದೆ. ಸಾಬೂನು ಹಚ್ಚಿ ಕೈಗೆ ಒಂದು ಡಜನ್ ತುರುಕಿದ. ಎರಡು ಒಡೆದು ನೆತ್ತರು ಬಂತು. ಆಕೆ ಅತ್ತದ್ದನ್ನು ನೋಡಿ ಎಲ್ಲರೂ ನಕ್ಕರು, ನಾನೂ ನಕ್ಕೆ.

ನಾಲ್ಕನೆಯ ದಿನ ಮುಂಜಾನೆ ಆಕೆಗೆ ಸೆಟೆಬೇನೆ ಬಂತು. ಕಣ್ಣು ಮೇಲಾದವು, ಬಾಯಲ್ಲಿ ನೊರೆ. ಕೈ ಇನ್ನಷ್ಟು ಬಾತು ಬಳೆಗಳು ಮಾಂಸದೊಳಗೆ ಹೂತಿದ್ದವು, ಬೆರಳು ನೀಲಿಗಟ್ಟಿದ್ದವು. ಗಂಡ ಬದುಕಿರುವಾಗ ಹೆಂಡತಿಯ ಬಳೆ ಒಡೆಯುವವರು ಯಾರು? ನಾನೂ ಕೈ ಕಟ್ಟಿ ನಿಂತೆ. ಅಂದು ಚಾಚಿ ಓಣಿಗೆ ಬರುವ ದಿನ. ಗದ್ದಲ ಕೇಳಿ ಕರೆಯದೆಯೇ ಒಳಗೆ ಬಂದಳು, ತಂಬಿಗೆ ತೆಗೆದುಕೊಂಡು ಒಂದೊಂದೇ ಬಳೆ ಚಿಟಿಚಿಟಿ ಒಡೆದಳು.

ಅವ್ವ ಚೀರಿದಳು: "ನನ್ನ ಮಗ ಇನ್ನೂ ಬದುಕ್ಯಾನ!"

"ಅವ ಬದುಕ್ಯಾನ, ಅದ ತ್ರಾಸ ಆಗೇತಿ," ಎಂದಳು ಚಾಚಿ, ತಲೆ ಎತ್ತದೆ.

ಚಕ್ಕಡಿಯಲ್ಲಿ ಆಕೆಯ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ದವಾಖಾನೆಗೆ ಬಂದವಳೂ ಅವಳೇ. ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. ಕೂಸು ಒಳಗೇ ಹೋಯಿತು. ದವಾಖಾನೆಯ ಪಡಸಾಲೆಯಲ್ಲಿ ಕುಳಿತು ಚಾಚಿಗೆ, "ಅವತ್ತ ಕರಕೊಂಡು ಬಂದಿದ್ರ ಉಳೀತಿದ್ಲೇನು?" ಎಂದು ಕೇಳಿದೆ. ಹಣೆಬರಹ ಅನ್ನುತ್ತಾಳೆ, ದೇವರು ಅನ್ನುತ್ತಾಳೆ ಎಂದುಕೊಂಡಿದ್ದೆ.

"ಹೂಂ," ಅಂದಳು. "ಉಳೀತಿದ್ಲು. ನಾಕ ದಿನ ಇತ್ತಲ್ಲೋ."

ಮೂರು ವರ್ಷದ ಮೇಲೆ ಮತ್ತೆ ಮದುವೆಯಾದೆ. ಎರಡನೆಯವಳಿಗೆ ಆರನೆಯ ತಿಂಗಳು ಮುಗಿಯುತ್ತ ಬಂದಾಗ ಹುಬ್ಬಳ್ಳಿಗೆ ನಡೆದೆ. ಚಾಚಿಯ ಬಾಗಿಲಿಗೆ ಹೋಗಿ ನಿಂತೆ. ಒಲೆಯ ಮುಂದಿನಿಂದ ಏಳದೆ, "ಬಂಜಿ ಮನಿಗೆ ಯಾಕ ಬಂದ್ಯೋ?" ಎಂದಳು. ಅವಳ ರೊಟ್ಟಿಯೆಲ್ಲ ಮುಗಿಯುವವರೆಗೆ ನಿಂತೇ ಇದ್ದೆ. ಆಮೇಲೆ ಸೆರಗು ಕೊಡವಿ ನನ್ನ ಹಿಂದೆ ಬಂದಳು. ಬಸುರಿಯ ಕೈಯನ್ನು ತಾನು ಹಿಡಿಯಲಿಲ್ಲ, ನನ್ನ ಕೈಯಲ್ಲಿ ಕೊಟ್ಟಳು.

"ನೀನ ಒತ್ತು. ದಿನಾ ಮುಂಜಾನೆ ಒತ್ತಬೇಕು. ಕುಳಿ ಬಿದ್ದು ನಿಂತ್ರ, ತಲಿ ನೋವು ಅಂದ್ರ, ಯಾರನ್ನೂ ಕೇಳಬ್ಯಾಡ, ಗಾಡಿ ಹೂಡು. ಕೂಸು ಒದಿಯೂದು ನಿಂತ್ರೂ ಅಷ್ಟ."

ಹೆರಿಗೆಯವರೆಗೆ ದಿನವೂ ಒತ್ತಿದೆ. ಓಣಿಯವರು ಹೆಂಡತಿಯ ಗುಲಾಮ ಎಂದು ಆಡಿಕೊಂಡರು. ಮಗಳು ಹುಟ್ಟಿದಳು.

ಎರಡನೆಯ ಮಹಾಯುದ್ಧದ ಕಾಲಕ್ಕೆ ಗಾಜಿನ ಬಳೆ ಸಿಗದಾದವು, ಚಾಚಿಯ ಕಣ್ಣೂ ಮಂಜಾದವು. ಹಾಸಿಗೆ ಹಿಡಿದಿದ್ದಾಳೆಂದು ತಿಳಿದು ಹೋದೆ. ಅಲ್ಲಿಯವರೆಗೆ ಬಾಯಿಗೆ ಬಾರದಿದ್ದ ಮಾತು ಅಂದು ಬಂತು: "ಮಾಫ್ ಮಾಡು ಚಾಚಿ."

ನಾನಿದ್ದ ಕಡೆ ಮುಖ ಹೊರಳಿಸಿದಳು. "ನನಗ ಅಂದಿದ್ದು ಎಂದೋ ಮಾಫ್ ಮಾಡೇನಿ," ಎಂದಳು. "ಆಕೀದು ನಾ ಹೆಂಗ ಮಾಡ್ಲೋ ತಮ್ಮಾ?"

ಮರುದಿನ ತೀರಿಕೊಂಡಳು. ಹೆಗಲು ಕೊಟ್ಟೆ, ಗೋರಿಗೆ ಮೂರು ಹಿಡಿ ಮಣ್ಣು ಹಾಕಿ ಬಂದೆ.