ಪಿಳ್ಳಮ್ಮ ಮುಚ್ಚಳ ತೆಗೆದಿರಲಿಲ್ಲ

ಪಿಳ್ಳಮ್ಮ ಮುಚ್ಚಳ ತೆಗೆದಿರಲಿಲ್ಲ. ತೆಗೆದಳು ಎಂದು ಹೇಳಿದವಳು ನಾನು. ಬಾಯಿ ತಪ್ಪಿ ಅಲ್ಲ, ತಿಳಿಯದೆಯೂ ಅಲ್ಲ — ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ಆ ಒಂದು ಮಾತಿನಿಂದ ಅಲ್ಲಾಳಸಂದ್ರದ ಆ ಮನೆಯಲ್ಲಿ ಅವಳ ಕೈಯ ಸೌಟು ಹೋಯಿತು. ಹದಿಮೂರು ವರ್ಷವಾಯಿತು, ಇನ್ನೂ ಅವಳ ಕೈಗೆ ಮರಳಿ ಬಂದಿಲ್ಲ.

ನಾನು ಸುಮ್ಮಸುಮ್ಮನೆ ಕಣ್ಣೀರು ಹಾಕುವವಳಲ್ಲ. ಯಲಹಂಕದಲ್ಲಿ ಯಾರನ್ನು ಕೇಳಿದರೂ, “ಸರೋಜಮ್ಮನಾ? ಬಾಯಿ ಸ್ವಲ್ಪ ಜೋರು, ಕೆಲಸ ಮಾತ್ರ ಅಚ್ಚುಕಟ್ಟು” ಎನ್ನುತ್ತಾರೆ. ಆ ಜೋರು ಬಾಯಿ, ಆ ಅಚ್ಚುಕಟ್ಟು, ಎರಡೂ ಸೇರಿಯೇ ಈ ತಪ್ಪು ಮಾಡಿಸಿದವು. ಆದ್ದರಿಂದ ಇದನ್ನೂ ಅಚ್ಚುಕಟ್ಟಾಗಿಯೇ ಹೇಳಿ ಮುಗಿಸುತ್ತೇನೆ.

ಸೀಮೆಎಣ್ಣೆಗೆ ಬೆಳಿಗ್ಗೆಯೇ ಡಬ್ಬ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದ ಕಾಲ ಅದು. ಮದುವೆಗೆ ಮುಂಚೆ ನಾನು ಗೃಹವಿಜ್ಞಾನ ಓದಿದ್ದೆ. ಓದಿದ್ದು ಒಲೆಯ ಮುಂದೆ ಕರಗಿಹೋಗುತ್ತಿದೆ ಎಂಬ ಕೊರಗು ಒಳಗೇ ಇತ್ತು. ಆಗ ನೆನಪಾದದ್ದು ಶಾಖದ ಪೆಟ್ಟಿಗೆ. ಏನೂ ಮಂತ್ರವಲ್ಲ. ಚಹಾಪುಡಿ ತುಂಬಿ ಬರುವ ಹಳೆಯ ಪ್ಲೈವುಡ್ ಪೆಟ್ಟಿಗೆಯೊಳಗೆ ಒತ್ತಾಗಿ ಭತ್ತದ ಹುಲ್ಲು, ನಡುವೆ ಪಾತ್ರೆ ಕೂರುವಷ್ಟು ಗೂಡು, ಮೇಲೆ ಹಳೆಯ ಕಂಬಳಿಯ ದಿಂಬು. ಒಲೆಯ ಮೇಲೆ ಚೆನ್ನಾಗಿ ಕುದಿ ಬಂದ ಪಾತ್ರೆಯನ್ನು ಅದರಲ್ಲಿಟ್ಟು ಮುಚ್ಚಿದರೆ, ಒಳಗಿನ ಬಿಸಿಗೇ ಅಡುಗೆ ಬೇಯುತ್ತದೆ. ನಾವು ಬೇರೆ ಕೆಲಸ ನೋಡಿಕೊಳ್ಳಬಹುದು.

ಪಾತ್ರೆ ಆರಿಸುವುದರಲ್ಲೇ ಅರ್ಧ ಅಡುಗೆ ಇದೆ. ಇದನ್ನು ನಾನು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ. ತಳ ದಪ್ಪವಿರಬೇಕು, ಕತ್ತು ಗಿಡ್ಡವಿರಬೇಕು, ಮುಚ್ಚಳ ಅಲ್ಲಾಡಬಾರದು. ಕಲಾಯಿ ಹೋದ ಹಿತ್ತಾಳೆಯ ಹತ್ತಿರ ಸುಳಿಯಲೇಬಾರದು. ಪಾತ್ರೆ ಮುಕ್ಕಾಲು ತುಂಬಿರಬೇಕು, ಕಾಲು ಪಾತ್ರೆ ಸಾರಿಟ್ಟರೆ ಪೆಟ್ಟಿಗೆ ಏನು ಮಾಡೀತು? ಅನ್ನ, ತೊಗರಿಬೇಳೆ, ಗಂಜಿ, ಪಾಯಸ — ನಮ್ಮ ಮನೆಯ ಆರು ಜನಕ್ಕೆ ಎಷ್ಟೋ ತಿಂಗಳು ಆ ಪೆಟ್ಟಿಗೆಯೇ ಬೇಯಿಸಿತು. ಈಗ ಮದುವೆಗಳಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ಕಿನ ಹಾಟ್‌ಬಾಕ್ಸ್ ಉಡುಗೊರೆ ಕೊಡುತ್ತಾರಲ್ಲ, ಅದಕ್ಕೆ ಬಿಸಿ ಕಾಯುವುದಷ್ಟೇ ಗೊತ್ತು. ನನ್ನ ಪೆಟ್ಟಿಗೆ ಬೇಯಿಸುತ್ತಿತ್ತು. ಒಂದೇ ಒಂದು ಕಟ್ಟಳೆ: ನಡುವೆ ಮುಚ್ಚಳ ತೆಗೆಯಕೂಡದು. ಒಮ್ಮೆ ತೆಗೆದರೆ ಬಿಸಿ ಹೋಯಿತು, ಅಡುಗೆ ಕೆಟ್ಟಿತು.

ಪೆಟ್ಟಿಗೆಯಲ್ಲಿ ತಪ್ಪಿರಲಿಲ್ಲ. ತಪ್ಪು ನನ್ನದು.

ನಮ್ಮ ಮಹಿಳಾ ಮಂಡಳಿಯಲ್ಲಿ ಇದನ್ನು ಮಾಡಿ ತೋರಿಸು ಎಂದರು. ಅನ್ನ ತೋರಿಸಿದ್ದರೆ ಸಾಕಿತ್ತು. ನನಗೆ ಸಾಲಲಿಲ್ಲ. ಈ ಕಡೆಯ ಹೆಂಗಸರು ಅವರೆಕಾಳು ಬೇಯಿಸಿ ತೋರಿಸದ ಹೊರತು ಯಾರ ಅಡುಗೆಯನ್ನೂ ಒಪ್ಪುವವರಲ್ಲ. ಸೊಗಡಿನ ಹಸಿ ಅವರೆಯ ಕಾಲ ಮುಗಿದು ಒಣಗಿದ ಕಾಳು ಬಂದಿತ್ತು. ಹಿಂದಿನ ದಿನ ಮನೆಯಲ್ಲೇ ಮಾಡಿ ನೋಡಿದೆ. ರಾತ್ರಿಯಿಡೀ ನೆನೆದ ಕಾಳು, ಉಪ್ಪು, ಖಾರ, ಹುಣಸೆರಸ, ಎಲ್ಲವನ್ನೂ ಒಟ್ಟಿಗೇ ಹಾಕಿ ಐದು ನಿಮಿಷ ಕುದಿಸಿ ಪೆಟ್ಟಿಗೆಯಲ್ಲಿಟ್ಟೆ. ನಡುವೆ ಮುಚ್ಚಳ ತೆಗೆಯುವ ಹಾಗಿಲ್ಲವಲ್ಲ, ಹುಳಿಯನ್ನು ಮೊದಲೇ ಹಾಕದೆ ಇನ್ಯಾವಾಗ ಹಾಕುವುದು? ನಾಲ್ಕು ಗಂಟೆಯ ನಂತರ ತೆಗೆದರೆ, ಕಾಳು ಕಲ್ಲು. ಹುಳಿ ಬಿದ್ದ ಕಾಳು ಬೇಯುವುದಿಲ್ಲ — ಇದು ನಮ್ಮಜ್ಜಿಗೂ ಗೊತ್ತಿದ್ದ ಮಾತು. ಓದಿದವಳು ನಾನು, ಮರೆತಿದ್ದೆ.

ಮರುದಿನವೇ ಪ್ರದರ್ಶನ. ‘ಕಾಳು ಇದರಲ್ಲಿ ಬೇಯಲಿಲ್ಲ’ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಬೆಳಿಗ್ಗೆ ವಠಾರದ ಪಕ್ಕದ ಮನೆಯ ಜುಬೇದಾಳ ಪ್ರೆಷರ್ ಕುಕ್ಕರ್ ಕೇಳಿ ತಂದೆ. ಅವಳು ನಗುತ್ತಾ, “ಕ್ಯಾ ಸರೋಜಾ, ಪೆಟ್ಟಿಗೆಯಲ್ಲಿ ಅಡುಗೆ ಮಾಡೋರಿಗೆ ಕುಕ್ಕರ್ ಯಾಕೆ?” ಎಂದಳು. “ಮನೆಗೆ ಬೇಕು” ಎಂದೆ. ಮೂರು ವಿಷಲ್ ಕೂಗಿಸಿ, ಬೆಂದ ಕಾಳನ್ನೇ ಪಾತ್ರೆಗೆ ತುಂಬಿ, ‘ನೆನೆಸಿದ ಕಾಳು’ ಎಂದು ಮಂಡಳಿಗೆ ಹೊತ್ತುಕೊಂಡು ಹೋದೆ.

ಆ ಸಭೆಗೆ ಪಿಳ್ಳಮ್ಮ ಬಂದದ್ದು ನನ್ನ ಕರೆಯ ಮೇಲೆ. ಅವಳು ನಮ್ಮ ಮನೆಗೆ ಹಾಲು ಹಾಕುತ್ತಿದ್ದವಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ಅಲ್ಲಾಳಸಂದ್ರದ ದ್ರಾಕ್ಷಿ ತೋಟದವರ ದೊಡ್ಡ ಸೊಸೆ. ಅವಳ ಕೈಯ ಕಾಳುಸಾರಿನ ಘಮಕ್ಕೆ ದಾರಿಯಲ್ಲಿ ಹೋಗುವವರೂ ನಿಲ್ಲುತ್ತಿದ್ದರು. ನಾನೂ ನಿಂತಿದ್ದೇನೆ. ಸೌದೆ ಒಲೆ ಊದಿ ಊದಿ ಕಣ್ಣು ಸದಾ ಕೆಂಪಗಿರುತ್ತಿತ್ತು. “ಬಂದು ನೋಡೇ, ಹೊಗೆಯ ಕಾಟ ತಪ್ಪುತ್ತೆ” ಎಂದು ನಾನೇ ಹೇಳಿದ್ದೆ.

ಚಾಪೆಯ ಮೇಲೆ ಹಿಂದಿನ ಸಾಲಿನಲ್ಲಿ ಕೂತಿದ್ದಳು. ನಾನು ಎಲ್ಲರ ಎದುರು ಪಾತ್ರೆಯನ್ನು ಸ್ಟೌವಿಗಿಟ್ಟು ಹುಣಸೆರಸ ಸುರಿದಾಗ, ನಲವತ್ತು ಹೆಂಗಸರಲ್ಲಿ ಬಾಯಿ ಬಿಟ್ಟು ಕೇಳಿದವಳು ಅವಳೊಬ್ಬಳೇ.

“ಉಳಿ ಮೊದ್ಲೇ ಆಕುದ್ರೆ ಕಾಳು ಬೇಯಾಕಿಲ್ವಲ್ಲಕ್ಕ?”

ಜಕ್ಕೂರಿನ ಕಡೆಯಿಂದ ಒಂದು ಪುಟ್ಟ ವಿಮಾನ ಗುಂಯ್ ಎಂದು ತಲೆಯ ಮೇಲೆ ಹಾದುಹೋಯಿತು. ಅದರ ಸದ್ದು ಅಡಗುವವರೆಗೂ ಯೋಚಿಸಲು ನನಗೆ ಸಮಯವಿತ್ತು. ಯೋಚಿಸಿಯೇ ಹೇಳಿದೆ: “ಒಲೆ ಮೇಲೆ ಬೇಯಲ್ಲ ಕಣಮ್ಮ. ಪೆಟ್ಟಿಗೇಲಿ ಬೇಯುತ್ತೆ. ಅದೇ ವಿಜ್ಞಾನ.”

ಎಲ್ಲರೂ ನಕ್ಕರು. ಅವಳೂ ನಾಚಿ ನಕ್ಕಳು. ಮಧ್ಯಾಹ್ನ ಪೆಟ್ಟಿಗೆ ತೆರೆದು ಬಡಿಸಿದಾಗ ಕಾಳು ಬೆಣ್ಣೆಯಂತಿತ್ತು. ಆ ವರ್ಷ ನನ್ನನ್ನೇ ಮಂಡಳಿಯ ಕಾರ್ಯದರ್ಶಿ ಮಾಡಿದರು. ಚಪ್ಪಾಳೆ ತಟ್ಟಿದ್ದನ್ನು ನಾನು ಇನ್ನೂ ಮರೆತಿಲ್ಲ — ಎಷ್ಟು ಹಿತವಾಗಿತ್ತು ಎಂಬುದನ್ನೂ ಮರೆತಿಲ್ಲ.

ಇದಾಗಿ ತಿಂಗಳೊಪ್ಪತ್ತಿಗೆ ಪಿಳ್ಳಮ್ಮನ ಮೈದುನನಿಗೆ ಸಂಬಂಧ ಗೊತ್ತಾಗುವುದರಲ್ಲಿತ್ತು. ಸೋಲದೇವನಹಳ್ಳಿಯಿಂದ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬರುವ ದಿನ. ಈ ಶಾಸ್ತ್ರವನ್ನು ಬಲ್ಲವರು ಬಲ್ಲರು: ಬಂದವರು ಹೊಲ ನೋಡುತ್ತಾರೆ, ಬಾವಿಯಲ್ಲಿ ಬಗ್ಗುತ್ತಾರೆ, ಹಟ್ಟಿಯ ದನ ಎಣಿಸುತ್ತಾರೆ, ಕೊನೆಗೆ ಉಂಡು ನೋಡುತ್ತಾರೆ. ತಮ್ಮ ಹುಡುಗಿ ನಾಳೆ ಯಾವ ಅಡುಗೆಮನೆಗೆ ಕಾಲಿಡುತ್ತಾಳೆ ಎಂಬುದು ಆ ಊಟದಲ್ಲೇ ತೀರ್ಮಾನವಾಗುತ್ತದೆ. ಅತ್ತೆ ಅಂದಿನ ಅಡುಗೆಯನ್ನು ನಂಬಿ ಪಿಳ್ಳಮ್ಮನ ಕೈಗೆ ಕೊಟ್ಟಿದ್ದರು. ಪಿಳ್ಳಮ್ಮ ನನ್ನನ್ನು ನಂಬಿದ್ದಳು.

ನನ್ನದರಂತೆಯೇ ಒಂದು ಪೆಟ್ಟಿಗೆ ಹೊಂದಿಸಿಕೊಂಡು, ನಾನು ಹೇಳಿದ ಹಾಗೆಯೇ ಮಾಡಿದಳು. ಹೇಳಿದಷ್ಟೇ ಹುಣಸೆ, ಹೇಳಿದಷ್ಟೇ ಕುದಿ. ಪೆಟ್ಟಿಗೆ ಮುಚ್ಚಿ, ಕಣ್ಣು ಕೆಂಪಾಗದೆ, ಹೊಸ ಸೀರೆಯುಟ್ಟು ಬಂದವರ ಜೊತೆ ತಾನೂ ದ್ರಾಕ್ಷಿ ತೋಟಕ್ಕೆ ಹೋಗಿಬಂದಳಂತೆ. ಪಂಕ್ತಿ ಕೂತು, ಮುದ್ದೆ ಬಿದ್ದು, ಸಾರು ಬಿತ್ತು. ಹುಡುಗಿಯ ಸೋದರಮಾವ ಒಂದು ಕಾಳನ್ನು ಬೆರಳಲ್ಲಿ ಹಿಡಿದು ಹಿತ್ತಾಳೆ ಚೊಂಬಿಗೆ ಎಸೆದನಂತೆ. ಟಣ್ ಎಂದಿತಂತೆ. “ಏನ್ರವ್ವಾ, ಇದು ಅವ್ರೆಕಾಳೋ ಗೋಲಿನೋ?” ಎಂದನಂತೆ. ನಕ್ಕವರು ನಕ್ಕರು, ಉಳಿದವರು ಮಜ್ಜಿಗೆಯಲ್ಲಿ ಮುದ್ದೆ ನುಂಗಿ ಎದ್ದರು. ಸಂಬಂಧವೇನೋ ಮುರಿಯಲಿಲ್ಲ. ಪಿಳ್ಳಮ್ಮನ ಮಾನ ಮಾತ್ರ ಆ ಪಂಕ್ತಿಯಲ್ಲೇ ಹೋಯಿತು.

ಮರುದಿನ ಬೆಳಿಗ್ಗೆ ಹಾಲಿನ ಕ್ಯಾನಿನ ಜೊತೆ ಸೆರಗಿನ ತುದಿಯಲ್ಲಿ ಆ ಕಾಳುಗಳನ್ನು ಕಟ್ಟಿಕೊಂಡು ನನ್ನ ಬಾಗಿಲಿಗೆ ಬಂದಳು. ಗಂಟು ಬಿಚ್ಚಿ ನನ್ನ ಅಂಗೈಗೆ ಸುರಿದಳು.

“ಎಲ್ ತಪ್ಪಾಯ್ತು ಯೋಳಕ್ಕ.”

ಅಂಗೈ ನೋಡಿದೊಡನೆ ಗೊತ್ತಾಯಿತು. ನನ್ನ ಮನೆಯಲ್ಲಿ ಬೇಯದೆ ಉಳಿದ ಕಾಳೂ ಹೀಗೆಯೇ ಇತ್ತು. ಆ ಕ್ಷಣದಲ್ಲಿ ನಾನು... ಏನೆಂದು ಬರೆಯಲಿ? ಹೆದರಿದೆ ಎಂದು ಬರೆದರೆ ಅದೂ ಒಂದು ನೆಪವಾದೀತು. ಹೆದರಿಕೆಯಾಗಲಿಲ್ಲ. ತಲೆ ಚುರುಕಾಗಿ ಓಡಿತು, ಅಷ್ಟೇ. ಹೇಳಿದೆ:

“ನೀನು ಮಧ್ಯೆ ಮುಚ್ಚಳ ತೆಗೆದಿರ್ತೀಯ ಪಿಳ್ಳಮ್ಮ.”

“ಇಲ್ಲ ಕಣಕ್ಕ. ದೇವ್ರಾಣೆಗೂ ತೆಗ್ದಿಲ್ಲ.”

“ಚೆನ್ನಾಗಿ ನೆನಪು ಮಾಡ್ಕೋ. ತೆಗೆಯದೇ ಇದ್ರೆ ಹೀಗಾಗೋದೇ ಇಲ್ಲ.”

ಅವಳು ಹೊಸ್ತಿಲಾಚೆ ನಿಂತು ನೆನಪು ಮಾಡಿಕೊಂಡಳು. ನನ್ನ ಮಾತಿಗೆ ಬೆಲೆ ಕೊಟ್ಟು, ನಿಜವಾಗಿಯೂ, ಹುಬ್ಬು ಗಂಟಿಕ್ಕಿ — ನಾನು ನೋಡುತ್ತಲೇ ಇದ್ದೆ. ಕೊನೆಗೆ ಮೆಲ್ಲಗೆ, “ಇರ್ಬೋದೇನೋ... ಗಡಿಬಿಡೀಲಿ...” ಎಂದಳು. ಹಾಲು ಅಳೆದು ಕೊಟ್ಟು ಹೋದಳು. ಮನೆಗೆ ಹೋಗಿ ತಾನೇ ಅತ್ತೆಗೆ ಹೇಳಿದಳಂತೆ, ಮುಚ್ಚಳ ತೆಗೆದೆ ಅಂತ.

ಕಾಳು ಬೇಯದಿದ್ದುದನ್ನಾದರೂ ಆ ಮನೆಯವರು ಮರೆಯುತ್ತಿದ್ದರು. ಬೀಗರು ಬರುವ ದಿನವೂ ತಾಳ್ಮೆಯಿಲ್ಲದೆ, ಬಾಯಿಚಪಲಕ್ಕೆ ಮುಚ್ಚಳ ತೆಗೆದ ಸೊಸೆಯನ್ನು ಮರೆಯಲಿಲ್ಲ. “ಇನ್ಮ್ಯಾಕೆ ಹಬ್ಬ-ಉಣ್ಮೇಲಿ ನೀನು ಸೌಟು ಮುಟ್ಬ್ಯಾಡ” ಎಂದರಂತೆ ಅತ್ತೆ. ಬಂದ ಹೊಸ ಓರಗಿತ್ತಿಯ ಕೈಗೆ ಸೌಟು ಹೋಯಿತು. ಊರಲ್ಲಿ ‘ಮುಚ್ಚಳದ ಪಿಳ್ಳಮ್ಮ’ ಎಂಬ ಹೆಸರು ಬಿತ್ತು. ಆ ಮನೆಯ ಊಟಗಳಿಗೆ ನನ್ನನ್ನು ತಪ್ಪದೆ ಕರೆಯುತ್ತಿದ್ದರು, ನಾನು ತಪ್ಪದೆ ಹೋಗುತ್ತಿದ್ದೆ. ಪಂಕ್ತಿಯ ಕೊನೆಯಿಂದ ಪಿಳ್ಳಮ್ಮ ಚೊಂಬು ಹಿಡಿದು ನೀರು ಬಡಿಸುತ್ತಾ ಬರುತ್ತಿದ್ದಳು. ನನ್ನ ಲೋಟಕ್ಕೆ ನೀರು ಹಾಕುವಾಗ ಒಂದು ಕ್ಷಣ ನಿಂತು, “ಸಾರು ಎಂಗೈತಕ್ಕ?” ಎಂದು ಕೇಳುತ್ತಿದ್ದಳು. ಓರಗಿತ್ತಿಯ ಸಾರು ಪರವಾಗಿಲ್ಲ. ಆದರೆ ಅದರ ಘಮಕ್ಕೆ ದಾರಿಯಲ್ಲಿ ಯಾರೂ ನಿಲ್ಲುವುದಿಲ್ಲ. ನಾನು “ಚೆನ್ನಾಗಿದೆ” ಎನ್ನುತ್ತಿದ್ದೆ. ಹದಿಮೂರು ವರ್ಷ ಹಾಗೆಯೇ ಅಂದೆ.

ಕಳೆದ ವಾರ ಮತ್ತೆ ಕರೆಯಲು ಬಂದಿದ್ದಳು. ಈಗ ಅವಳ ಸ್ವಂತ ಮಗನಿಗೇ ಹೆಣ್ಣು ಗೊತ್ತಾಗಿದೆ, ಸೋಮವಾರ ಹೆಣ್ಣಿನ ಕಡೆಯವರು ಮನೆ ನೋಡಲು ಬರುತ್ತಾರೆ. “ಅಡುಗೆ ನಿಂದೇ ತಾನೆ?” ಎಂದು ಕೇಳಿಬಿಟ್ಟೆ. ಯಾಕೆ ಕೇಳಿದೆನೋ.

“ನಂದೇನೈತಕ್ಕ, ನೀರ್ ಬಡಿಸೋದು” ಎಂದು ನಕ್ಕಳು. ವ್ಯಂಗ್ಯವಲ್ಲ, ನಿಜವಾದ ನಗು. ಅದೇ ನನ್ನನ್ನು ಕೊಂದದ್ದು.

ಅವಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಕುಕ್ಕರಿನ ಮೂರು ವಿಷಲ್ಲಿನಿಂದ ಹಿಡಿದು ಮುಚ್ಚಳದ ಸುಳ್ಳಿನವರೆಗೆ, ಒಂದನ್ನೂ ಬಿಡದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಈ ಬರಹವೇ ಬೇಕಾಗುತ್ತಿರಲಿಲ್ಲ. ಅವಳು ನನ್ನ ಮುಖವನ್ನೇ ನೋಡಿ, ಮಕ್ಕಳಿಗೆ ಸಮಾಧಾನ ಹೇಳುವ ಹಾಗೆ ಹೇಳಿದಳು:

“ಸುಮ್ಕಿರಕ್ಕ, ನನ್ ಮ್ಯಾಲಿನ ಪ್ರೀತಿಗೆ ಏನೇನೋ ಯೋಳ್ಬ್ಯಾಡ. ನಾನೇ ತೆಗ್ದಿದ್ದು. ಅವತ್ತು ಕೆಂಪು ಬಳೆ ಆಕಿದ್ದೆ. ಮುಚ್ಚಳ ಎತ್ತುದ್ ತಕ್ಸಣ ಅಬೆ ಬಡ್ದು ಬಳೆ ಕೈಗೆ ಚುರ್ ಅಂತು. ನಂಗಿನ್ನೂ ಗ್ಯಾಪಕ ಐತೆ.”

ತೆಗೆಯದ ಮುಚ್ಚಳದ ಹಬೆ ಅವಳ ಕೈಯನ್ನು ಸುಟ್ಟಿದೆ! ನಾನು ಕದ್ದದ್ದು ಸೌಟೊಂದನ್ನೇ ಎಂದುಕೊಂಡಿದ್ದೆ. ಅವಳ ನೆನಪಿನೊಳಗೂ ಕೈ ಹಾಕಿ, ನಡೆಯದ ತಪ್ಪೊಂದನ್ನು ಇಟ್ಟು ಬಂದಿದ್ದೇನೆ. ದೇವರಾಣೆ ಮಾಡಿದ್ದವಳ ಬಾಯಲ್ಲೇ ಈಗ ನನ್ನ ಸುಳ್ಳು ನಿಜವಾಗಿ ಕೂತಿದೆ. ಇನ್ನು ಕ್ಷಮೆ ಕೇಳುವುದಾದರೂ ಯಾರನ್ನು? ತಪ್ಪು ಮಾಡಿದವಳು ತಾನೇ ಎಂದು ನಂಬಿದವಳು ನನ್ನನ್ನು ಹೇಗೆ ಕ್ಷಮಿಸಿಯಾಳು?

ಮಾತಿನಿಂದ ಆಗುವುದಿಲ್ಲ ಎಂದು ಅಲ್ಲೇ ತಿಳಿಯಿತು. ನನ್ನ ಮಾತಿನ ಮೇಲೆ ಅವಳಿಗೆ ನಂಬಿಕೆ ಹೆಚ್ಚು, ಅದೇ ತೊಂದರೆ. ಅವಳಿಗೆ ತೋರಿಸಬೇಕು.

ಅಟ್ಟದ ಮೇಲಿದ್ದ ಪೆಟ್ಟಿಗೆಯನ್ನು ಇಳಿಸಿದೆ. ಹಳೆಯ ಹುಲ್ಲು ತೆಗೆದು ಹೊಸ ಹುಲ್ಲು ತುಂಬಿದೆ. ಪಾತ್ರೆ ಅದೇ. ಇವತ್ತು ಭಾನುವಾರ. ನಾಳೆಯ ಊಟದ ತಯಾರಿಗೆ ಅವರ ಮನೆಯಲ್ಲಿ ಎಲ್ಲರೂ ಸೇರಿರುತ್ತಾರೆ — ಮುದುಕಿಯಾದ ಆ ಅತ್ತೆ, ಓರಗಿತ್ತಿ, ಅಂದು ನಕ್ಕವರಲ್ಲಿ ಅರ್ಧ ಜನ. ಅವರ ಅಂಗಳದಲ್ಲೇ, ಎಲ್ಲರ ಎದುರಿಗೆ, ಅಂದು ನಾನು ಹೇಳಿಕೊಟ್ಟ ಹಾಗೆಯೇ ಮಾಡುತ್ತೇನೆ. ಅಷ್ಟೇ ಹುಣಸೆ, ಐದೇ ನಿಮಿಷದ ಕುದಿ. ನಾಲ್ಕು ಗಂಟೆ ಪೆಟ್ಟಿಗೆಯ ಪಕ್ಕ ನಾನೂ ಪಿಳ್ಳಮ್ಮನೂ ಕೈಕಟ್ಟಿ ಕೂರುತ್ತೇವೆ, ಮುಚ್ಚಳವನ್ನು ಯಾರೂ ಮುಟ್ಟುವುದಿಲ್ಲ. ಆಮೇಲೆ ಅತ್ತೆಯ ಕೈಯಿಂದಲೇ ತೆಗೆಸಿ, ಒಂದು ಕಾಳನ್ನು ಚೊಂಬಿಗೆ ಎಸೆಯಲು ಹೇಳುತ್ತೇನೆ. ಸೌಟು ಯಾರ ಕೈಗೆ ಎಂಬುದು ಅವರ ಮನೆಯ ಮಾತು, ನಾನು ಕೇಳಿಕೊಳ್ಳಬಲ್ಲೆ ಅಷ್ಟೇ. ಆ ಟಣ್ ಎಂಬ ಸದ್ದು ಮಾತ್ರ ಪಿಳ್ಳಮ್ಮನ ಕಿವಿಗೆ ಬೀಳಬೇಕು.

ಕಾಳು ನಿನ್ನೆಯೇ ನೆನೆಹಾಕಿದ್ದೆ, ಚೆನ್ನಾಗಿ ಉಬ್ಬಿವೆ. ಬಾಗಿಲಲ್ಲಿ ಆಟೋ ನಿಂತಿದೆ, ಪೆಟ್ಟಿಗೆ ಒಳಗಿಟ್ಟಾಯಿತು. ಕಾಳು ಬೇಯದಿರಲಿ ಎಂದು ದೇವರಿಗೆ ಕೈಮುಗಿದು ಅಡುಗೆಗೆ ಹೊರಟಿರುವುದು ನನ್ನ ಜನ್ಮದಲ್ಲಿ ಇದೇ ಮೊದಲು.