ಖಾರಿ, ಟೋಸ್ಟ್ ಮತ್ತು ಆರಡಿ ಗೂಡು

ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ್ದೇನೆ. ಆದರೂ ಗಿನಿ ಪಿಗ್ ಎಂಬ ಪ್ರಾಣಿಗೆ ಒಂದು ಮರ್ಯಾದೆಯ ಕನ್ನಡ ಹೆಸರು ನನಗಿನ್ನೂ ಹೊಳೆದಿಲ್ಲ. ‘ಗಿನಿ ಹಂದಿ’ ಎಂದು ಪುಸ್ತಕಗಳಲ್ಲಿ ಬರೆಯುತ್ತಾರೆ. ಪುಸ್ತಕವನ್ನು ನಂಬಿ ನಾನೊಮ್ಮೆ ಪಕ್ಕದ ಮನೆಯ ಅಜ್ಜಿಗೆ ಹಾಗೆಯೇ ಹೇಳಿಬಿಟ್ಟೆ. “ಹಂದಿ? ಅದೂ ಪಡಸಾಲ್ಯಾಗ? ಅಕ್ಕೋರ, ನಿಮಗೇನ ಆಗೇತ್ರಿ?” ಎಂದು ಎದ್ದು ಹೋದ ಅಜ್ಜಿ ಹದಿನೈದು ದಿನ ನಮ್ಮ ಮನೆಯ ಚಹಾ ಮುಟ್ಟಲಿಲ್ಲ.

ನಿಜ ಹೇಳಬೇಕೆಂದರೆ ಅದು ಹಂದಿಯಲ್ಲ, ಗಿನಿ ಎಂಬ ದೇಶದ್ದೂ ಅಲ್ಲ. ದಕ್ಷಿಣ ಅಮೆರಿಕದ ಬೆಟ್ಟಗಳ ಕಡೆಯ ಪ್ರಾಣಿ; ಇಲಿಗೆ ದೂರದ ದಾಯಾದಿ. ಹೆಸರಿನ ಎರಡು ಪದಗಳೂ ಸುಳ್ಳಾಗಿರುವ ಇಂಥ ಜೀವಿಯ ಮೇಲೆ ವ್ಯಾಕರಣದ ಟೀಚರಿಗೆ ಕನಿಕರ ಹುಟ್ಟುವುದು ಸಹಜ. ಆದರೆ ಕನಿಕರದಿಂದ ನಾನು ಅವನ್ನು ತಂದುಕೊಂಡೆ ಎಂದು ತಿಳಿಯಬೇಡಿ. ನಮ್ಮ ಮಾಳಿಗೆಯ ಮೇಲೆ ಬಾಡಿಗೆಗಿದ್ದ ಬ್ಯಾಂಕಿನ ಮೇಡಮ್ಮಿಗೆ ವರ್ಗವಾಯಿತು. “ಎಂಟ ದಿನಾ ನೋಡ್ಕೋರಿ ಅಕ್ಕೋರ, ಹೊಸಾ ಮನಿ ಸಿಕ್ಕ ಕೂಡ್ಲೆ ಬಂದು ಒಯ್ತೀವಿ” ಎಂದು ತಮ್ಮ ಮಕ್ಕಳ ಎರಡು ಗಿನಿ ಪಿಗ್ಗುಗಳನ್ನು ನಮ್ಮ ಪಡಸಾಲೆಯಲ್ಲಿ ಇಟ್ಟು ಹೋದರು. ಅವರಿಗೆ ಹೊಸ ಮನೆ ಸಿಕ್ಕಿ ಎಷ್ಟೋ ಕಾಲವಾಗಿದೆ. ಎಂಟು ದಿನ ಮಾತ್ರ ಇನ್ನೂ ಮುಗಿದಿಲ್ಲ.

ಹೆಸರುಗಳನ್ನು ಮಕ್ಕಳೇ ಇಟ್ಟಿದ್ದರು. ಕಂದು ಬಣ್ಣದ್ದು ಟೋಸ್ಟ್, ಬಿಳಿ-ಹಳದಿ ಬೆರೆತದ್ದು ಖಾರಿ. ಬೆಳಗಿನ ಚಹಾದ ಜೊತೆ ತಿನ್ನುವ ಎರಡೂ ಪದಾರ್ಥಗಳು ನಮ್ಮ ಮನೆಯಲ್ಲಿ ಜೀವ ತಳೆದು ಕೊತ್ತಂಬರಿ ತಿನ್ನುತ್ತಿದ್ದವು.

ಆ ಹೊತ್ತಿಗೆ ನಮ್ಮ ಮನೆಯವರು ಲಕ್ವಾ ಹೊಡೆದು ಕುರ್ಚಿ ಹಿಡಿದು ಆರು ತಿಂಗಳಾಗಿತ್ತು. ಬನಹಟ್ಟಿಯಲ್ಲಿ ಅವರು ಮಗ್ಗದ ಮಿಸ್ತ್ರಿ ಎಂದೇ ಪರಿಚಿತರು. ರಸ್ತೆಯಲ್ಲಿ ಸೈಕಲ್ ಮೇಲೆ ಹೋಗುತ್ತಲೇ ಒಳಗೆ ನಡೆಯುತ್ತಿರುವ ಹತ್ತು ಮಗ್ಗಗಳಲ್ಲಿ ಯಾವುದು ಕೆಟ್ಟಿದೆ ಎಂದು ಸಪ್ಪಳದ ಮೇಲೆ ಹೇಳುತ್ತಿದ್ದರು. ಈಗ ಬಲಗೈ ಹೋಗಿತ್ತು, ಮಾತು ಹೋಗಿತ್ತು. ಉಳಿದದ್ದು ಒಂದೇ ಪದ: ‘ಬ್ಯಾಡ’. ಚಹಾ ಕೊಟ್ಟರೆ ಬ್ಯಾಡ, ಕೊಡದಿದ್ದರೂ ಬ್ಯಾಡ. ಫ್ಯಾನು ಹಚ್ಚಬೇಕಾದರೆ ಬ್ಯಾಡ, ನೋವಾದರೆ ಬ್ಯಾಡ. ಜಮಖಂಡಿಯ ಡಾಕ್ಟರು, ಮೆದುಳಿಗೆ ಪೆಟ್ಟು ಬಿದ್ದಾಗ ಕೆಲವರಿಗೆ ಹೀಗೆ ಒಂದೇ ಪದ ಉಳಿಯುತ್ತದೆ, ಅದು ಯಾವುದೆಂಬುದು ನಮ್ಮ ಕೈಯಲ್ಲಿಲ್ಲ ಎಂದರು. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಕೊನೆಗೆ ಉಳಿದ ಪದ ಇದೇ ಆಗಬೇಕಿತ್ತೇ ಎಂದು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತಿದ್ದೇನೆ. ಹೊರಗೆ ಬಂದು ಭಾಷಾಶಾಸ್ತ್ರ ಕಲಿತಿದ್ದೇನೆ. ಮೂಗಿನಿಂದ ಬರುವ ಬ್ಯಾಡ ಎಂದರೆ ಹೌದು. ಎರಡು ಸಲ ಬಂದರೆ ನೀರು. ಗೋಡೆಯ ಕಡೆ ಮುಖ ಮಾಡಿ ಹೇಳಿದರೆ ನೀನು ಹೋಗು.

ಗೋಡೆಯ ಕಡೆ ಹೇಳುವುದೇ ಹೆಚ್ಚಾಗಿತ್ತು. ಕೈಗೆ ವ್ಯಾಯಾಮ ಮಾಡಿಸಲು ಹೋದರೆ ಆ ಬಲಗೈಯನ್ನು ಟಾವೆಲ್ಲಿನ ಕೆಳಗೆ ಮುಚ್ಚಿಟ್ಟುಕೊಳ್ಳುತ್ತಿದ್ದರು. ಅದು ಯಾರದೋ ಕೈ, ತಮ್ಮ ಮಡಿಲಲ್ಲಿ ಯಾರೋ ಮರೆತು ಹೋಗಿದ್ದಾರೆ ಎಂಬಂತೆ.

ಗಿನಿ ಪಿಗ್ಗುಗಳು ಇದ್ದದ್ದು ಚಪ್ಪಲಿ ಇಡುವ ಸ್ಟ್ಯಾಂಡಿನಷ್ಟು ಸಣ್ಣ ಪ್ಲಾಸ್ಟಿಕ್ ತಳದ ಗೂಡಿನಲ್ಲಿ. ಮೊಬೈಲಿನಲ್ಲಿ ಅವುಗಳ ಬಗ್ಗೆ ಓದುತ್ತ ಹೋದೆ. ನಾನು ಓದಲು ಕುಳಿತರೆ ನಿಲ್ಲುವವಳಲ್ಲ. ನಮ್ಮಂತೆಯೇ ಅವಕ್ಕೂ ಸಿ ವಿಟಮಿನ್ ಮೈಯೊಳಗೆ ತಯಾರಾಗುವುದಿಲ್ಲವಂತೆ, ದಿನವೂ ಪೇರಲ, ಸೊಪ್ಪು ಬೇಕಂತೆ. ಹಲ್ಲು ಸಾಯುವವರೆಗೆ ಬೆಳೆಯುತ್ತಲೇ ಇರುತ್ತದಂತೆ. ಮತ್ತೆ ಜಾಗ: ಎತ್ತರ ಬೇಡ, ಉದ್ದ ಬೇಕು, ಓಡಬೇಕು, ಇಲ್ಲದಿದ್ದರೆ ಮಂಕಾಗುತ್ತವೆ. ಓದಿ ತಲೆಯೆತ್ತಿದರೆ ಒಂದು ಮೂಲೆಯಲ್ಲಿ ಅವೆರಡು ಒತ್ತಿಕೊಂಡು ಕುಳಿತಿದ್ದವು. ಇನ್ನೊಂದು ಮೂಲೆಯಲ್ಲಿ ಇವರು. ಮೂವರನ್ನೂ ಒಟ್ಟಿಗೆ ನೋಡುವ ಧೈರ್ಯ ನನಗಾಗಲಿಲ್ಲ. ಮೂವರಲ್ಲಿ ಇಬ್ಬರಿಗಾದರೂ ಏನಾದರೂ ಮಾಡೋಣವೆಂದು ಗೂಡು ಕಟ್ಟಲು ಹೊರಟೆ.

ಅಟ್ಟದ ಮೇಲೆ ಮಾವನವರ ಕಾಲದ ಕೈಮಗ್ಗದ ಕಟ್ಟಿಗೆ ಇತ್ತು. ಜಮಖಂಡಿಯಿಂದ ತಂತಿಯ ಜಾಳಿಗೆ ತಂದೆ. ಆರಡಿ ಉದ್ದ, ಮೂರಡಿ ಅಗಲ ಎಂದು ನೋಟುಬುಕ್ಕಿನಲ್ಲಿ ಚಿತ್ರ ಬರೆದೆ. ಚಿತ್ರ ಚೆನ್ನಾಗಿತ್ತು. ಆದರೆ ನಾನು ಕೊಯ್ದ ನಾಲ್ಕು ಕಾಲುಗಳು ನಾಲ್ಕು ಎತ್ತರಕ್ಕೆ ಬಂದವು. ಅಳತೆಗೆ ಜಂಪರು ಹೊಲಿಯುವ ಟೇಪನ್ನು ಒಂದು ಸಲ ಇಂಚಿನ ಕಡೆಯಿಂದ, ಒಂದು ಸಲ ಸೆಂಟಿಮೀಟರಿನ ಕಡೆಯಿಂದ ಹಿಡಿದಿದ್ದೆ. ಮೊದಲ ಮೊಳೆ ಹೊಡೆಯುವಾಗ ಕಟ್ಟಿಗೆ ಸೀಳಿತು. ಎರಡನೆಯದಕ್ಕೆ ಕುರ್ಚಿಯ ಕಡೆಯಿಂದ ಒಂದು ‘ಬ್ಯಾಡ’ ಬಂತು. ಅಂಥದ್ದು ಅದುವರೆಗೆ ಬಂದಿರಲಿಲ್ಲ. ಕೆಟ್ಟ ಮಗ್ಗದ ಸಪ್ಪಳ ಕೇಳಿದಾಗ ಅವರ ಹುಬ್ಬು ಹೇಗೆ ಗಂಟಾಗುತ್ತಿತ್ತೋ ಹಾಗೆ ಗಂಟಾಗಿತ್ತು.

ಅವರು ಎದ್ದರು. ಗೋಡೆ ಹಿಡಿದು, ಕಾಲೆಳೆದು ಬಂದರು. ಎಡಗೈಯಿಂದ ಸುತ್ತಿಗೆ ಕಸಿದುಕೊಂಡರು.

ಅಂದಿನಿಂದ ದಿನವೂ ಶಾಲೆಯಿಂದ ಬಂದ ಮೇಲೆ ಕೆಲಸ. ನಾನು ಮೊಳೆ ಹಿಡಿಯುವುದು, ಅವರು ಎಡಗೈಯಲ್ಲಿ ಹೊಡೆಯುವುದು. ಆ ಸುತ್ತಿಗೆಗೆ ಮೊಳೆಗಿಂತ ನನ್ನ ಹೆಬ್ಬೆರಳೇ ಹೆಚ್ಚು ಇಷ್ಟವಾಗಿತ್ತು. ಉಗುರು ಕಪ್ಪಾಯಿತು. ಶಾಲೆಯಲ್ಲಿ ಕೇಳಿದವರಿಗೆ ಬಾಗಿಲಲ್ಲಿ ಸಿಕ್ಕಿತೆಂದೆ. ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತಾಗ ಟೋಸ್ಟ್, ಖಾರಿ ಸೀಟಿ ಹೊಡೆದಂತೆ ಕೂಗುವುದು ಕೇಳಿಸುತ್ತಿತ್ತು. ಇವರು ಕತ್ತು ಹೊರಳಿಸಿ ಅವನ್ನು ನೋಡುತ್ತಿದ್ದರು. ಅದೇ ನನಗೆ ಹಬ್ಬವಾಗಿತ್ತು.

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕು. ಮೊದಲ ವಾರದ ನನ್ನ ತಪ್ಪುಗಳೆಲ್ಲ ಅಪ್ಪಟ. ಆಮೇಲಿನವು ಅಲ್ಲ. ನಾನು ಸರಿಯಾಗಿ ಮಾಡಿದ ದಿನ ಅವರು ಕುರ್ಚಿಯಲ್ಲೇ ಉಳಿಯುತ್ತಾರೆ, ತಪ್ಪು ಮಾಡಿದ ದಿನ ಎದ್ದು ಬರುತ್ತಾರೆ ಎಂದು ಕಂಡುಕೊಂಡೆ. ಹಾಗಾಗಿ ಬೇಕೆಂದೇ ಜಾಳಿಗೆಯನ್ನು ಗಿಡ್ಡ ಕತ್ತರಿಸಿದೆ, ಬಾಗಿಲು ತಿರುಗುವ ಕಬ್ಜಾ ತಲೆಕೆಳಗು ಕೂಡಿಸಿದೆ. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ. ಅದನ್ನು ಯಾರಿಗಾದರೂ ಹೇಳದೆ ಇರಲು ನನ್ನಿಂದಾಗಲಿಲ್ಲ.

ಮಹಾಲಿಂಗಪುರದಿಂದ ನಾದಿನಿ ಶೋಭಾ ಬಂದಳು. ಅಣ್ಣ ನಿಂತು ಕಟ್ಟಿಗೆ ಉಜ್ಜುವುದನ್ನು ನೋಡಿ ಅವಳ ಕಣ್ಣಲ್ಲಿ ನೀರು ಬಂತು. ಅಡಿಗೆ ಮನೆಗೆ ಬಂದು, “ವೈನಿ, ಅಣ್ಣಾ ಇಷ್ಟ ಸುಧಾರಸ್ಯಾನ! ಏನ್ ಮಾಡಿದ್ರಿ?” ಎಂದಳು.

“ಏನಿಲ್ಲ ಶೋಭಾ, ಬೇಕಂತ ತಪ್ಪ ಮಾಡ್ತೇನಿ. ಅವರಿಗೆ ತಡಕೊಳ್ಳಾಕ ಆಗೂದಿಲ್ಲ, ಎದ್ದ ಬರ್ತಾರ. ಸಾಲ್ಯಾಗ ಸಣ್ಣ ಹುಡುಗರಿಗೆ ಮಾಡ್ತೇವಲ್ಲ, ಹಂಗ” ಎಂದೆ. ಹೇಳಿ ನಕ್ಕೆ ಕೂಡ.

ಪಡಸಾಲೆಯಲ್ಲಿ ಉಜ್ಜುವ ಸಪ್ಪಳ ನಿಂತಿತು.

ಮಾತಾಡದವರಿಗೆ ಕೇಳಿಸುವುದೂ ಇಲ್ಲ ಎಂದು ನಾನು ಯಾವಾಗ ತಿಳಿದುಕೊಂಡೆನೋ ಗೊತ್ತಿಲ್ಲ. ಹೊರಗೆ ಬಂದಾಗ ಅವರು ಕುರ್ಚಿಯಲ್ಲಿದ್ದರು. ಕೈ ಟಾವೆಲ್ಲಿನ ಕೆಳಗಿತ್ತು. ನನ್ನ ಕಡೆ ನೋಡಲಿಲ್ಲ. ‘ಬ್ಯಾಡ’ ಕೂಡ ಅನ್ನಲಿಲ್ಲ. ಅದೊಂದು ಪದವನ್ನೂ ನಾನೇ ಕಳೆದೆ.

ಹನ್ನೊಂದು ದಿನ ಹಾಗೇ ಕಳೆದವು. “ತಪ್ಪಾತ್ರಿ, ನಾ ಹಂಗ ಅನಬಾರದಾಗಿತ್ತು” ಎಂದು ಎಷ್ಟು ಸಲ ಹೇಳಿದರೂ ಗೋಡೆಗೆ ಹೇಳಿದಂತೆ. ಬಾಗಿಲನ್ನಿನ್ನೂ ಕೂಡಿಸದ, ಒಂದು ಬದಿ ಜಾಳಿಗೆಯಿಲ್ಲದ ಗೂಡು ಪಡಸಾಲೆಯ ನಡುವೆ ನಿಂತಿತ್ತು. ನಾನೂ ಅಭಿಮಾನಕ್ಕೆ ಬಿದ್ದೆ. ಅವರು ಬಾರದೆ ನಾನು ಮುಟ್ಟುವುದಿಲ್ಲ ಎಂದುಕೊಂಡೆ. ಹೊರಗೆ ಜಿಟಿಜಿಟಿ ಮಳೆ. ಹಾಸಿದ ಹುಲ್ಲು ಆರುತ್ತಿರಲಿಲ್ಲ. ಹಳೆಯ ಸಣ್ಣ ಗೂಡಿನಲ್ಲಿ ಟೋಸ್ಟ್, ಖಾರಿ ಒದ್ದೆಯಲ್ಲೇ ಕುಳಿತಿದ್ದವು. ಒಂದು ಮುಂಜಾನೆ ಟೋಸ್ಟ್ ಪೇರಲ ಮೂಸಿ ಬಿಟ್ಟಿತು. ಮೈಯುಬ್ಬಿಸಿಕೊಂಡು ಕುಳಿತಲ್ಲೇ ಕುಳಿತಿತ್ತು. ಉಸಿರಿಗೆ ಸಣ್ಣ ಸಪ್ಪಳವಿತ್ತು.

ಮುಧೋಳದಲ್ಲಿ ನಾಯಿಗಳನ್ನು ನೋಡುವ ಡಾಕ್ಟರೊಬ್ಬರಿದ್ದಾರೆ ಎಂದು ಕೇಳಿ, ಶಾಲೆಗೆ ರಜೆ ಹಾಕಿ, ಬಟ್ಟೆಯ ಚೀಲದಲ್ಲಿ ಟೋಸ್ಟನ್ನು ಇಟ್ಟುಕೊಂಡು ಬಸ್ಸು ಹತ್ತಿದೆ. ಸೊಂಟದೆತ್ತರದ ಬೇಟೆ ನಾಯಿಗಳ ಸಾಲಿನಲ್ಲಿ ಚೀಲವನ್ನು ಎದೆಗೆ ಒತ್ತಿಕೊಂಡು ಕುಳಿತೆ. ಡಾಕ್ಟರು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಆಲಿಸಿದರು.

“ಎದಿ ತುಂಬೇತ್ರಿ ಅಕ್ಕೋರ. ಹಸಿ ಜಾಗಾದಾಗ ಇಟ್ಟಿದ್ರೇನ್ರಿ?”

“ದೊಡ್ಡ ಗೂಡ ಮಾಡಾಕತ್ತಿದ್ವಿರಿ. ಅರ್ಧಾ ಆಗೇತಿ.”

“ಇವು ಬ್ಯಾನಿ ತೋರಸೂದಿಲ್ರಿ. ತೋರಿಸಿದ್ರ ಯಾರರೆ ಹಿಡಿದು ತಿಂತಾರಂತ ಅಂಜಿಕಿ. ನಮಗ ಗೊತ್ತಾಗೂದರಾಗ ಭಾಳ ದಿನಾ ಆಗಿರತಾವು” ಎಂದು ಸೂಜಿ ಹಾಕಿ ಕಳಿಸಿದರು.

ತಿರುಗಿ ಬರುವಾಗ, ಬಸ್ಸು ಮಹಾಲಿಂಗಪುರದ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ, ಚೀಲದೊಳಗಿನ ಸಪ್ಪಳ ನಿಂತಿತು. ನಾನು ಚೀಲದ ಬಾಯಿ ತೆರೆದು ನೋಡಲಿಲ್ಲ. ಭಾರ ಬೇರೆಯಾಗಿತ್ತು, ಅಷ್ಟು ಸಾಕಾಯಿತು. ಪಕ್ಕದಲ್ಲಿ ಬಂದು ಕುಳಿತ ಹೆಣ್ಣುಮಗಳು, “ಚೀಲದಾಗ ಏನೈತ್ರಿ, ಅಷ್ಟ ಜ್ವಾಕಿಲೆ ಹಿಡದೀರಿ?” ಎಂದಳು.

“ಟೋಸ್ಟ್ ರೀ” ಎಂದೆ.

“ಮುಧೋಳದವೇನ್ರಿ? ಛಲೋ ಅದಾವೇನು?”

“ಹೌದ್ರಿ, ಭಾಳ ಛಲೋ ಇತ್ತು” ಎಂದೆ. ವಚನ, ಕಾಲ ಎರಡೂ ತಪ್ಪಿದ್ದು ಆಕೆಗೆ ತಿಳಿಯಲಿಲ್ಲ. ನಮ್ಮೂರ ಪಕ್ಕದ ರಬಕವಿ ಬರುವವರೆಗೆ ಕಿಟಕಿಯ ಕಡೆ ಮುಖ ಮಾಡಿ ಕುಳಿತೆ.

ಮನೆಗೆ ಬಂದು ಚೀಲವನ್ನು ಅವರ ಮಡಿಲಲ್ಲಿಟ್ಟೆ. ಅವರು ಎಡಗೈ ಒಳಗೆ ಹಾಕಿದರು. ಬಹಳ ಹೊತ್ತು ಒಳಗೇ ಸವರುತ್ತಿದ್ದರು. ಆಮೇಲೆ “ಬ್ಯಾಡ” ಎಂದರು. ಅಷ್ಟು ದಿನ ಆ ಪದಕ್ಕೆ ನಾನು ಕಲ್ಪಿಸಿಕೊಂಡ ಅರ್ಥಗಳು ಯಾವುವೂ ಅವತ್ತು ಬೇಕಾಗಲಿಲ್ಲ. ನಿಘಂಟಿನಲ್ಲಿರುವ ಅರ್ಥವೇ ಅದಕ್ಕಿತ್ತು. ಹಾಗೆಂದು ಅತ್ತರು. ಲಕ್ವಾ ಹೊಡೆದಾಗ ಅಳದವರು, ಇಲಿಯ ದಾಯಾದಿಯೊಂದಕ್ಕೆ ಭುಜ ಕುಲುಕುವ ಹಾಗೆ ಅತ್ತರು. ಹಿತ್ತಲ ಕರಿಬೇವಿನ ಬುಡದಲ್ಲಿ ಇಬ್ಬರೂ ಮಣ್ಣು ಹಾಕಿದೆವು.

ಮರುದಿನ ನಾನು ಶಾಲೆಯಿಂದ ಬಂದಾಗ ಅವರು ನೆಲದ ಮೇಲೆ ಗೂಡಿನ ಮುಂದೆ ಕುಳಿತಿದ್ದರು. ಜಾಳಿಗೆಯನ್ನು ಕಾಲಡಿ ಒತ್ತಿ ಹಿಡಿದು ಎಡಗೈಯಿಂದ ಕತ್ತರಿಸುತ್ತಿದ್ದರು. ಕೈಬೆರಳಲ್ಲಿ ರಕ್ತ ಒಣಗಿತ್ತು. ಜಾಳಿಗೆಯ ಕೆಳಗಿನ ಹಲಗೆ ಅಲುಗದ ಹಾಗೆ ಅದರ ಮೇಲೆ ಭಾರಕ್ಕೆ ಇಟ್ಟಿದ್ದು ತಮ್ಮ ಬಲಗೈಯನ್ನು. ಅಷ್ಟು ತಿಂಗಳು ಮುಚ್ಚಿಟ್ಟ ಕೈಯನ್ನು ಒಂದು ಕಲ್ಲಿನಂತೆ ಎತ್ತಿ ಅಲ್ಲಿಟ್ಟು ಉಪಯೋಗಕ್ಕೆ ಹಚ್ಚಿದ್ದರು. ನಾನು ಸೊಟ್ಟ ಮೊಳೆಯೊಂದನ್ನು ನೆಟ್ಟಗೆ ಮಾಡಲು ಕೈ ಚಾಚಿದೆ. ಆ ಕೈ ಮೇಲೆ ಚಟ್ಟನೆ ಹೊಡೆದರು. ಸರಿದು ಕುಳಿತೆ. ನಾಲ್ಕು ದಿನ ನಾನು ಚಹಾ ಕೊಡುವುದರ ಹೊರತು ಬೇರೇನೂ ಮಾಡಲಿಲ್ಲ.

ಗೂಡು ಒಂದು ಬದಿಗೆ ವಾಲಿದೆ. ಬಾಗಿಲು ಎತ್ತಿ ಹಾಕಬೇಕು. ಕೆಟ್ಟ ಕೆಲಸವೆಂದು ಅವರಿಗೇ ಗೊತ್ತಿದೆ. ದಿನಕ್ಕೊಮ್ಮೆ ಅದರ ಮುಂದೆ ನಿಂತು ಹುಬ್ಬು ಗಂಟು ಹಾಕುತ್ತಾರೆ. ಖಾರಿ ಆರಡಿಯಲ್ಲಿ ಒಂದಡಿಯನ್ನಷ್ಟೇ ಬಳಸುತ್ತದೆ. ಅದಕ್ಕೊಂದು ಜೊತೆ ಬೇಕು, ಒಂಟಿಯಾಗಿ ಬಾಳುವ ಜಾತಿಯಲ್ಲ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಹುಡುಕುತ್ತಿದ್ದೇವೆ. ಹನ್ನೊಂದು ದಿನ ನಾವಿಬ್ಬರೂ ಅಭಿಮಾನ ಮಾಡದಿದ್ದರೆ ಟೋಸ್ಟ್ ಉಳಿಯುತ್ತಿತ್ತೇ ಎಂದು ಡಾಕ್ಟರನ್ನು ಕೇಳಲು ಧೈರ್ಯ ಬಂದಿಲ್ಲ. ಇವರ ಮಾತೂ ಬಂದಿಲ್ಲ, ಕೈಯೂ ಬಂದಿಲ್ಲ. ವ್ಯಾಯಾಮಕ್ಕೆ ಮಾತ್ರ ಈಗ ಆ ಕೈಯನ್ನು ಕೊಡುತ್ತಾರೆ.

ಮೊನ್ನೆ ಗೂಡಿಗೆ ಹೊದಿಸಲು ಹಳೆಯ ಸೀರೆಯೊಂದನ್ನು ಕತ್ತರಿಸಿದೆ. ಒಂದು ಗೇಣು ಕಡಿಮೆ ಬಿತ್ತು. ತಲೆಯೆತ್ತಿದರೆ ಅವರು ನನ್ನನ್ನೇ ನೋಡುತ್ತಿದ್ದರು, ಪೊಲೀಸರು ನೋಡುವ ಹಾಗೆ.

“ಖರೇನ ತಪ್ಪೇತ್ರಿ, ನಿಮ್ಮಾಣಿ” ಎಂದೆ.

ಕುರ್ಚಿಯಿಂದ ಬಾಗಿ ಬಟ್ಟೆಯ ಅಂಚು ಹಿಡಿದು ನೋಡಿದರು. ಕತ್ತರಿ ಹೋದ ದಾರಿ ನೋಡಿದರು. ಇಷ್ಟು ಸೊಟ್ಟ ಯಾರೂ ಬೇಕೆಂದು ಕತ್ತರಿಸಲಾರರು ಎಂದು ಅವರಿಗೆ ಖಾತ್ರಿಯಾಯಿತೆಂದು ಕಾಣುತ್ತದೆ. ಬಟ್ಟೆಯನ್ನು ಬಿಟ್ಟು ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದರು. ಮೂವತ್ತು ವರ್ಷದಲ್ಲಿ ನನ್ನ ದಡ್ಡತನ ನನ್ನ ಪರವಾಗಿ ಸಾಕ್ಷಿ ಹೇಳಿದ್ದು ಅದೇ ಮೊದಲು. ಬೇಕೆಂದು ತಪ್ಪು ಮಾಡುವುದನ್ನು ಬಿಟ್ಟಿದ್ದೇನೆ. ತಾವಾಗಿಯೇ ಆಗುವಂಥವು ಒಂದು ಮನೆಗೆ ಧಾರಾಳವಾಗಿ ಸಾಕಾಗುತ್ತವೆ.